ಹೊತ್ತು ಮುಳುಗುವ ಮುಂಚಿನ ಕರೆ

ಕೊಚ್ಚಿಯ ಜಾಹೀರಾತು ಕಚೇರಿಯವರಿಗೆ ಒಬ್ಬ ಅಮ್ಮನ ದನಿ ಬೇಕಾಗಿತ್ತು. ಸ್ಟುಡಿಯೋದಲ್ಲಿ ಕೂತು ಓದುವವರ ದನಿ ಬೇಡ, ಅಡುಗೆಮನೆಯಿಂದ ಬರುವ ನಿಜವಾದ ದನಿಯೇ ಬೇಕು, ಅದೂ ಅಂದೇ ಸಂಜೆ ಏಳರೊಳಗೆ ಬೇಕು ಎಂದು ಅಲ್ಲಿನ ಮೇಡಂ ಪಟ್ಟು ಹಿಡಿದಿದ್ದರು. ನಾನು ಪುಲ್ಪಳ್ಳಿಯ ನಮ್ಮ ಮನೆಯಲ್ಲೇ ಕೂತು ಅವರಿಗೆ ಕನ್ನಡದಲ್ಲೂ ಮಲಯಾಳದಲ್ಲೂ ಜಾಹೀರಾತು ಬರೆದುಕೊಡುವವನು. ನಮ್ಮಮ್ಮನೇ ಇದ್ದಾಳಲ್ಲ ಎಂದು ಹಿಂದೆಮುಂದೆ ನೋಡದೆ ಒಪ್ಪಿಕೊಂಡುಬಿಟ್ಟೆ.

ಮಾರಬೇಕಾಗಿದ್ದದ್ದು ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್. ನಾನು ಹತ್ತು ವರ್ಷದವನಿದ್ದಾಗ ಮಾವ ಮೈಸೂರಿನಿಂದ ತಂದುಕೊಟ್ಟಿದ್ದನಲ್ಲ, ಅದೇ ಆಟಗಳು, ಅದೇ ಹಳದಿ ಕ್ಯಾಸೆಟ್ಟು. ಒಳಗಿನ ಸಾಮಾನು ಮಾತ್ರ ಹೊಸದು. ಈಗಿನ ಮಕ್ಕಳು ಅದನ್ನು ಮೂಸಿಯೂ ನೋಡುವುದಿಲ್ಲ ಎಂಬುದು ಮಾರುವವರಿಗೂ ಗೊತ್ತು. ಅವರ ಗಿರಾಕಿ ನನ್ನಂಥವನು, ನಲವತ್ತು ದಾಟಿದವನು. ಅವನಿಗೆ ಆಟ ಮಾರಬೇಡಿ, ಆಡುತ್ತಿದ್ದ ಸಂಜೆಯನ್ನು ಮಾರಿ ಎಂದು ಮೇಡಂ ಬರೆದು ಕಳಿಸಿದ್ದರು. ಕೆಳಗೆ ಇನ್ನೊಂದು ಸೂಚನೆ: ನೆನಪಿನಲ್ಲಿ ಎಲ್ಲೂ ಕಹಿ ಇರಬಾರದು. ನಾನು ಒಂದೇ ಏಟಿಗೆ ಬರೆದುಕೊಟ್ಟೆ. ಒಳಗಿನಿಂದ ಅಮ್ಮ ಊಟಕ್ಕೆ ಕರೆಯುತ್ತಾಳೆ, ಹುಡುಗ ಟಿವಿಯಿಂದ ಕಣ್ಣು ಕೀಳದೆ, "ಅಮ್ಮಾ, ಇನ್ನೊಂದೇ ಆಟ" ಎನ್ನುತ್ತಾನೆ. ಓದಿದ ಮೇಡಂಗೆ ಕಣ್ಣು ತುಂಬಿ ಬಂತಂತೆ. ನನಗೆ ಜಂಭ ಬಂತು.

ನಮ್ಮದು ಕರ್ನಾಟಕದ ಕಡೆಯಿಂದ ಬಂದು ಎಷ್ಟೋ ತಲೆಮಾರಿನಿಂದ ಇಲ್ಲೇ ಕಾಫಿ, ಮೆಣಸು ಬೆಳೆದುಕೊಂಡಿರುವ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಮ್ಮ ಉಣ್ಣುವುದಿಲ್ಲ. ನಾನು ಆ ನಿಯಮ ಬಿಟ್ಟು ವರ್ಷಗಳಾದವು, ಆಕೆ ಬಿಟ್ಟಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಅರ್ಧ ಗಂಟೆ ಬಿಟ್ಟು, ಆರಕ್ಕೆ ಸರಿಯಾಗಿ ತಟ್ಟೆಯ ಮುಂದೆ ಕೂರುತ್ತಾಳೆ. ಗುಳಿಗೆ ನುಂಗಿ ಉಣ್ಣದಿದ್ದರೆ ಸಕ್ಕರೆ ಇಳಿದು ಎಚ್ಚರ ತಪ್ಪಬಹುದು ಎಂದು ಡಾಕ್ಟರು ನನ್ನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದ್ದರು.

ಅಂದು ಹೆಂಡತಿ, ಮಗಳು ಮಾನಂದವಾಡಿಗೆ ಮದುವೆಗೆ ಹೋಗಿದ್ದರು. ನಾನು ಮೊಬೈಲು ಹಿಡಿದು ಅಡುಗೆಮನೆಗೆ ಹೋದಾಗ ಐದೂವರೆ. ಅಮ್ಮ ಆಗಷ್ಟೇ ಗುಳಿಗೆ ನುಂಗಿ ಲೋಟ ಕೆಳಗಿಟ್ಟಿದ್ದಳು.

"ಅಮ್ಮ, ನಾ ಆಟ ಆಡ್ತಾ ಕೂತಿರ್ತಿದ್ನಲ್ಲ, ಅವಾಗ ಊಟಕ್ಕೆ ಹೆಂಗ್ ಕರೀತಿದ್ದೆ? ಹಂಗೇ ಒಂದ್ಸಲ ಕರಿ."

ಅಮ್ಮ ಮೊಬೈಲು ನೋಡಿ ನಕ್ಕಳು. ಆಮೇಲೆ ಬಾಗಿಲ ಕಡೆ ಮುಖ ಮಾಡಿ, "ಮಗಾ, ಉಣ್ಣಾಕೆ ಬಾರೋ. ಬೇಗ ಬಾ" ಎಂದಳು. ಅದನ್ನು ರೆಕಾರ್ಡ್ ಮಾಡಿ ಕಳಿಸಿದೆ. ಚೆನ್ನಾಗಿದೆ, ಆದರೆ ಅವಸರ ಜಾಸ್ತಿಯಾಯಿತು, ಇನ್ನಷ್ಟು ಸಿಹಿ ಬೇಕು ಎಂದು ಮೇಡಂ ಉತ್ತರಿಸಿದರು. ಇನ್ನೊಮ್ಮೆ ಕರೆಸಿದೆ. ರಸ್ತೆಯಲ್ಲಿ ಜೀಪು ಹೋಯಿತು. ಮತ್ತೆ ಕರೆಸಿದೆ. ಕುಕ್ಕರ್ ಕೂಗಿತು. ಎಷ್ಟು ಸಲ ಕರೆದರೂ ಕೊನೆಗೆ ಆ 'ಬೇಗ ಬಾ' ಬಂದೇ ಬರುತ್ತಿತ್ತು. ನನಗೆ ರೇಗಿತು.

"ಯಾರೋ ಅಟ್ಟಿಸ್ಕೊಂಡ್ ಬಂದಂಗೆ ಕರೀಬ್ಯಾಡ. ಮೆತ್ತಗೆ, ಪ್ರೀತಿಯಿಂದ ಕರಿ."

"ಪ್ರೀತಿ ಇಲ್ದೇ ಕರೀತೀನಾ?" ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಿಟಕಿಯ ಕಡೆ ನೋಡಿದಳು. "ಮದಿ ಮಗಾ. ಉಣ್ತೀನಿ."

ಸಾಕು ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಮಲಯಾಳದ 'ಮದಿ'ಯೇ ಬಾಯಿಗೆ ಬರುವುದು. ಅಂದು ಅಮ್ಮ ಅದನ್ನು ಎರಡು ಸಲವೋ ಮೂರು ಸಲವೋ ಹೇಳಿದಳು. ಪ್ರತಿ ಸಲವೂ ನಾನು, "ಇನ್ನೊಂದೇ ಸಲ ಅಮ್ಮ" ಎಂದೆ. ಕಣ್ಣೆಲ್ಲ ಮೊಬೈಲಿನ ಮೇಲಿತ್ತು. ಮೇಡಂ ಸಂದೇಶದ ಮೇಲೆ ಸಂದೇಶ ಹಾಕುತ್ತಿದ್ದರು.

"ಆ 'ಬೇಗ' ಯಾಕೆ ಸೇರಿಸ್ತೀಯ?" ಎಂದು ಕೊನೆಗೆ ಕೇಳಿದೆ.

"ಅವಾಗ ಹಿಂಗೇ ಕರೀತಿದ್ದದ್ದು. ಹೊತ್ತು ಇಳೀತಿತ್ತಲ್ಲ."

"ಇಳಿದ್ರೇನು? ಕತ್ಲಾದ ಮೇಲೂ ಬಡಿಸ್ತಿದ್ದೆ. ಮಕ್ಳಿಗೆ ದೋಷ ಇಲ್ಲ ಅಂತಿದ್ದೆ."

"ನಿಂಗೆ ಬಡಿಸ್ತಿದ್ದೆ."

ಅಷ್ಟೇ ಅಂದಳು. ಅದರಲ್ಲಿ ದೂರೇನೂ ಇರಲಿಲ್ಲ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಆಟವನ್ನು ಅರ್ಧಕ್ಕೆ ಬಿಟ್ಟರೆ ಮತ್ತೆ ಮೊದಲಿನಿಂದಲೇ ಶುರುಮಾಡಬೇಕು, ಅದಕ್ಕೇ ನಾನು ಏಳುತ್ತಿರಲಿಲ್ಲ. ಟಿವಿಯ ಮೇಲೆ ಬಿಸಿಲು ಬೀಳದಿರಲಿ ಎಂದು ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದೆ. ಸೋತು ಎದ್ದು ಬಂದಾಗ ಅಮ್ಮ ನನ್ನೊಬ್ಬನಿಗೇ ಬಡಿಸಿ, ಅನ್ನದ ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದಳು. ಅವಳ ಊಟ ಮೊದಲೇ ಆಗಿದೆ ಎಂದುಕೊಂಡಿದ್ದೆ. ಮಗ ಉಣ್ಣದೆ ತಾನು ಉಣ್ಣದವಳು, ಹೊತ್ತು ಮುಳುಗಿದ ಮೇಲೂ ಉಣ್ಣದವಳು ಅವಳು ಎಂಬುದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡನ್ನೂ ಸೇರಿಸಿ ನೋಡುವ ಬುದ್ಧಿ ಇಷ್ಟು ವರ್ಷ ನನಗೆ ಬಂದಿರಲಿಲ್ಲ. ನಾಚಿಕೆಯಾಯಿತು.

ಆಗ ಕಿಟಕಿಯ ಹೊರಗೆ ನೋಡಿದೆ. ಕಾಫಿ ತೋಟದ ಸಿಲ್ವರ್ ಮರಗಳ ಹಿಂದೆ ಬೆಳಕು ಹೋಗಿಬಿಟ್ಟಿತ್ತು. ಅಮ್ಮನ ತಟ್ಟೆ ತೊಳೆದಿಟ್ಟ ಹಾಗೇ ಬೋರಲು ಬಿದ್ದಿತ್ತು. ಆಕೆ ಅನ್ನದ ಪಾತ್ರೆಗೆ ಮುಚ್ಚಳ ಹಾಕುತ್ತಿದ್ದಳು, ಕೈ ನಡುಗುತ್ತಿತ್ತು.

"ಇವತ್ತಿನ ಹೊತ್ತು ಹೋಯ್ತು. ನೀ ಉಣ್ಣು."

"ಗುಳಿಗೆ ನುಂಗಿದ್ದೀಯ ಅಮ್ಮ."

"ಗೊತ್ತು."

ಹಣೆಯ ಮೇಲೆ ಬೆವರು ಮೂಡಿತ್ತು. ಗೋಡೆ ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತಳು. ನಾನು ಅನ್ನ ಕಲಸಿ ತಂದೆ, ಮುಖ ತಿರುಗಿಸಿದಳು. ಬೈದೆ. ಬೈಯಬೇಕಾಗಿದ್ದದ್ದು ನನ್ನನ್ನೇ ಎಂದು ಬೈಯುವಾಗಲೇ ಗೊತ್ತಿತ್ತು. ಬೆಲ್ಲ ಕರಗಿಸಿದ ನೀರು ತಂದು ಬಾಯಿಗೆ ಹಿಡಿದರೆ ತುಟಿ ಬಿಗಿಹಿಡಿದಳು. ಕಣ್ಣು ಅರ್ಧ ಮುಚ್ಚಿತ್ತು. ಒಲೆಯ ಪಕ್ಕ ಇಟ್ಟಿದ್ದ ಮೊಬೈಲು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

"ಇದು ಊಟ ಅಲ್ಲ ಅಮ್ಮ, ಔಷಧ. ನಿನ್ ಕಾಲಿಗ್ ಬೀಳ್ತೀನಿ."

ಅಮ್ಮ ನನ್ನನ್ನೇ ನೋಡಿದಳು. ನನಗೆ ಅಳು ಬಂದಿತ್ತು. ಏನೋ ಮನಸ್ಸಿನಲ್ಲೇ ಹೇಳಿಕೊಂಡು ಲೋಟ ತೆಗೆದುಕೊಂಡಳು. ಡಾಕ್ಟರಿಗೆ ಫೋನ್ ಮಾಡಿದೆ, ಇನ್ನೊಂದು ಲೋಟ ಕುಡಿಸಿ ಎಂದರು. ಮಣಿಕಟ್ಟು ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದೆ. ಬೆವರು ಆರಿತು, ಮಾತು ನೆಟ್ಟಗಾಯಿತು. ಅನ್ನವನ್ನು ಮಾತ್ರ ಬೆಳಗಿನ ತನಕ ಮುಟ್ಟಲಿಲ್ಲ.

ದನಿ ಕೊಡಲು ಆಗುವುದಿಲ್ಲ ಎಂದು ಮೇಡಂಗೆ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ನಾನು ಬರೆದ ಸಾಲನ್ನು ವಾಪಸು ಕೇಳಲೂ ಇಲ್ಲ, ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಅವರು ಸ್ಟುಡಿಯೋದಲ್ಲಿ ಯಾರಿಂದಲೋ ಹೇಳಿಸಿ ಜಾಹೀರಾತನ್ನು ಇಂಟರ್ನೆಟ್ಟಿಗೆ ಬಿಟ್ಟರು. ನಮ್ಮಮ್ಮನೂ ಹೀಗೇ ಕರೆಯುತ್ತಿದ್ದಳು, ಆ ದಿನಗಳು ಮತ್ತೆ ಬರುವುದಿಲ್ಲ ಎಂದು ಅದರ ಕೆಳಗೆ ಎಷ್ಟೋ ಜನ ಬರೆದರು. ಹಳದಿ ಕ್ಯಾಸೆಟ್ಟು ಚೆನ್ನಾಗಿಯೇ ಮಾರಾಟವಾಯಿತಂತೆ.

ಒಂದು ಮಧ್ಯಾಹ್ನ ಅಮ್ಮ ತಾನಾಗಿಯೇ ಆ ಜಾಹೀರಾತು ತೋರಿಸು ಎಂದಳು. ಮೊಬೈಲನ್ನು ದೂರ ಹಿಡಿದು ಪೂರ್ತಿ ನೋಡಿದಳು. ಆ ಹೆಂಗಸು ನಿಧಾನವಾಗಿ, ನಗುನಗುತ್ತಾ ಮಗನನ್ನು ಕರೆಯುತ್ತಿದ್ದಳು. ಅವಳಿಗೆ ಅವಸರವೇ ಇರಲಿಲ್ಲ. ಅಮ್ಮ ಮೊಬೈಲು ನನ್ನ ಕೈಗೆ ಕೊಟ್ಟಳು.

"ಚೆಂದ ಅದೆ," ಎಂದಳು. "ಉಂಡವಳ ದನಿ."