ಮೇಷ್ಟ್ರು ಬೈಯಲಿಲ್ಲ

ಜರಗನಹಳ್ಳಿಯ ನಮ್ಮ ಬೀದಿಯಲ್ಲಿ ಲಕ್ಷ್ಮಮ್ಮನ ಬಾಯಿಗೆ ಸಿಗದವರಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ ಅಪ್ಪನಿಂದ ಹಿಡಿದು ಆಕೆಯ ಮನೆಯಲ್ಲಿ ಬಾಡಿಗೆಗಿರುವ ನನ್ನವರೆಗೆ ಎಲ್ಲರಿಗೂ ಮುಖಕ್ಕೆ ಹೊಡೆದಂತೆ ಮಾತಾಡಿದಾಕೆ. ತಗ್ಗುತ್ತಿದ್ದುದು ಒಬ್ಬರಿಗೇ, ಮಕ್ಕಳ ಕಥೆ ಬರೆಯುವ ಜಯದೇವಪ್ಪ ಮೇಷ್ಟ್ರಿಗೆ. ಶಾಲೆ ಬಿಟ್ಟ ಮೇಲೂ ಕೊಟ್ಟಿಗೆಯಲ್ಲಿ ಕೂತು ಅವರ ಕಥೆಗಳನ್ನು ಓದಿದಳಂತೆ. ಈಗ ಮೇಷ್ಟ್ರು ಟಿವಿಯಲ್ಲಿ ಮಂತ್ರಿಗಳನ್ನು ಜಾಡಿಸಿದರೆ ಈಕೆಗೆ ಹಬ್ಬ.

ಕಳೆದ ಮಳೆಗಾಲದಲ್ಲಿ ಬೀದಿಗೆಲ್ಲ ಮೋರಿ ನೀರು ನುಗ್ಗಿತು. ಮಳೆನೀರು ಹರಿದುಹೋಗಬೇಕಾದ ರಾಜಕಾಲುವೆಯ ಮೇಲೆ ಮನೆ ಕಟ್ಟಿದವರ ಹೆಸರನ್ನು ಭಾನುವಾರದ ಸಭೆಯಲ್ಲಿ ಹೇಳುತ್ತೇನೆಂದು ಮೇಷ್ಟ್ರು ಸಾರಿದರು. ಲಕ್ಷ್ಮಮ್ಮ ಚಪ್ಪಾಳೆ ತಟ್ಟಿದಳು. ಗಂಡ ಬೈರಣ್ಣ ಉರಿದುಬಿದ್ದ.

"ನಿನ್ ತಲೆಗಿಷ್ಟು! ನಮ್ ಹಿಂದ್ಗಡೆ ನಾಲ್ಕು ಮನೆ ಕಾಲ್ವೆ ಮೇಲೇ ಐತೆ. ಒಡೆದಾಕಿದ್ರೆ ಆ ಕಥೆ ಬುಕ್ ಬೇಯಿಸ್ಕೊಂಡು ತಿಂತೀಯಾ?"

"ಕಟ್ಬೇಡ ಅಂದಾಗ ಕಿವಿ ಎಲ್ಲಿತ್ತು ನಿಂದು?"

ಜಗಳ ಎರಡು ದಿನ ನಡೆಯಿತು. ನನಗೆ ನಿದ್ದೆಯಿಲ್ಲ. ಹೊಲವೆಲ್ಲ ಮಾರಿದ್ದಾಗಿತ್ತು, ಆ ನಾಲ್ಕು ಬಾಡಿಗೆಯೇ ಅವರ ಅನ್ನ. ಕೊನೆಗೆ ಲಕ್ಷ್ಮಮ್ಮನೇ ಸೋತಳು. ಒಬ್ಬಳೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಜಯನಗರದ ಮೇಷ್ಟ್ರ ಮನೆಗೆ ಹೊರಟಳು.

"ಉಗ್ದು ಕಳಿಸ್ತಾರೆ ನೋಡಿ," ಎಂದಳು ಬಸ್ಸಿನಲ್ಲಿ. "ಉಗೀಲಿ. ನಮ್ಗೆ ಆಗ್ಬೇಕಾದ್ದೇ."

ಹೇಳುವಾಗ ಆಕೆಯ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು. ಬೈಸಿಕೊಳ್ಳಲು ನನ್ನನ್ನೇಕೆ ಎಳೆದು ತಂದಳೆಂದು ನನಗೆ ರೇಗಿತು.

ಮೇಷ್ಟ್ರು ಕಾಫಿ ಕೊಡಿಸಿದರು. ತಮ್ಮ ಕಥೆಗಳನ್ನು ಓದಿ ಬೆಳೆದವಳು ಎಂದು ಕೇಳಿ ಅರಳಿದರು. ಲಕ್ಷ್ಮಮ್ಮ ತಲೆ ತಗ್ಗಿಸಿ, "ತಪ್ಪು ನಮ್ದೇ ಸ್ವಾಮಿ," ಎಂದು ಎಲ್ಲ ಹೇಳಿಕೊಂಡು, ಗಂಡನ ಹೆಸರು ಬಿಟ್ಟುಬಿಡಿ ಎಂದು ಕೇಳಿದಳು.

"ಅಯ್ಯೋ, ಅದಕ್ಕೇನಮ್ಮಾ!" ಎಂದರು ಮೇಷ್ಟ್ರು. "ನೀವು ನಮ್ಮವರು. ನಿಮ್ ಹೆಸರು ಬಿಟ್ಟು ಹೇಳಿದ್ರಾಯ್ತು. ಇನ್ನೂ ಕೆಲವರದ್ದು ಹಾಗೇ ಬಿಟ್ಟಿದೀನಿ."

ಲಕ್ಷ್ಮಮ್ಮ ಕಾಫಿ ಮುಟ್ಟದೆ ಎದ್ದಳು. ವಿಷಯ ತಿಳಿದು ಬೈರಣ್ಣ ಮೈಸೂರುಪಾಕು ತಂದ. ಆಕೆ ಅದನ್ನು ಪೊಟ್ಟಣದ ಸಮೇತ ಅಂಗಳಕ್ಕೆ ಎಸೆದಳು.

ಭಾನುವಾರ ಮೇಷ್ಟ್ರು ಸಭೆಯಲ್ಲಿ ಗುಡುಗಿದರು. ಪಕ್ಕದ ಮನೆಯ ಗಂಗಯ್ಯನ ಹೆಸರು ಬಂತು, ಬೈರಣ್ಣನದು ಬರಲಿಲ್ಲ. ಸಂಜೆ ಗಂಗಯ್ಯ ಇವರ ಬಾಗಿಲಿಗೇ ಬಂದು ಕೂಗಾಡಿದ.

"ಎಷ್ಟಮ್ಮಾ ಕೊಟ್ಟೆ ನಿನ್ ಮೇಷ್ಟ್ರಿಗೆ?"

"ಏನೂ ಕೊಡ್ಲಿಲ್ಲ ಕಣಣ್ಣಾ," ಎಂದಳು ಲಕ್ಷ್ಮಮ್ಮ, ಅಳುತ್ತಾ. "ಕೇಳ್ದೆ ಅಷ್ಟೆ. ಕೇಳಿದ್ ತಕ್ಷಣ ಒಪ್ಕೊಂಬುಟ್ರು."