ಪುಳ್ಳೆ ಅಂತಲೇ ಬರೀರಿ

ಅಕ್ಕ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಎರಡು ಹೆಬ್ಬೆರಳು ಕೂಡಿಸಿ ಒತ್ತಿದಾಗ ‘ಪಟ್’ ಅಂದರೆ ಅದು ಮಡಿಲಿಗೆ. ಸದ್ದಿಲ್ಲದೆ ಬಾಗಿದರೆ ಮರದ ಬುಡಕ್ಕೆ ವಾಪಸ್ಸು. ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೋ ಸೀಳಿ ಎರಡು ಹೋಳಾಗಿಯೇ ಬೆಳೆದಿತ್ತು. ಕಣ್ಣು ಗೇಟಿನ ಕಡೆಗೋ ಬಸ್ಸಿನ ಕಡೆಗೋ ಇರುತ್ತಿತ್ತು. ಕೆಲಸ ಮಾಡುತ್ತಿದ್ದದ್ದು ಕಿವಿ ಮಾತ್ರ.

ಮಾಚೇನಹಳ್ಳಿಯ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಅವರು ಕಸ ಗುಡಿಸುವವರು, ನಾನು ಗುಮಾಸ್ತ. ಇಂಥ ಕಡೆ ಗುಮಾಸ್ತನಿಗೆ ‘ರೈಟರ್’ ಅನ್ನುವುದು ರೂಢಿ. ಹಾಗಾಗಿ ಅವರಿಗೆ ನಾನು ರೈಟ್ರು, ನನಗೆ ಅವರು ಅಕ್ಕ. ನಾನು ಶಿವಮೊಗ್ಗದಿಂದ ಬರುತ್ತಿದ್ದೆ, ಅಕ್ಕ ಭದ್ರಾವತಿಯಿಂದ. ಕಾಂಪೌಂಡಿನೊಳಗೆ ನಾಲ್ಕು ಮಳೆಮರಗಳಿದ್ದವು. ಗಾಳಿ ಬೀಸಿದರೆ ಸಾಕು, ಅಂಗಳದ ತುಂಬ ಕಡ್ಡಿ. ಗುಡಿಸಿ ಮುಗಿಸಿದ ಮೇಲೆ ಅಕ್ಕ ಅದನ್ನೆಲ್ಲ ಆರಿಸಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ, ಮನೆಯ ಬಚ್ಚಲೊಲೆಗೆ ಒಯ್ಯುತ್ತಿದ್ದರು. ಅಡುಗೆಗೆ ಗ್ಯಾಸ್ ಇತ್ತು. ಸ್ನಾನದ ನೀರು ಮಾತ್ರ ಹಂಡೆಯಲ್ಲೇ ಕಾಯಬೇಕು, ಗೀಸರ್ ನೀರು ಮೈಗೆ ಹತ್ತುವುದೇ ಇಲ್ಲ ಎಂಬುದು ಅವರ ಖಚಿತ ಅಭಿಪ್ರಾಯ.

ಒಂದು ಸಂಜೆ ಸುಮ್ಮನಿರಲಾರದೆ ಕೆಣಕಿದೆ. “ಏನಕ್ಕ, ಇವತ್ತು ಸೌದೆ ಭರ್ಜರಿ!”

“ಸೌದೆ ಅಲ್ಲ ರೈಟ್ರೇ, ಪುಳ್ಳೆ.”

“ಎರಡೂ ಒಲೆಗೇ ತಾನೆ ಹೋಗೋದು?”

“ಹೋಗೋದು ಒಲೆಗೇ. ಬರೋದು ಎಲ್ಲಿಂದ ಅಂತ ನೋಡಿ ಮಾರಾಯ್ರೆ. ಸೌದೆಗೆ ಕೊಡಲಿ ಬೇಕು, ಮರದೋರನ್ನ ಕೇಳ್ಬೇಕು. ಪುಳ್ಳೆ ತಾನಾಗೇ ಬಿದ್ದಿದ್ದು. ಬಗ್ಗೋಕೆ ಸೊಂಟ ಇದ್ರೆ ಆಯ್ತು.”

ಹಸಿ ಕಡ್ಡಿಯನ್ನು ಯಾಕೆ ಬಿಸಾಡುತ್ತಾರೆಂದು ಆಗ ಗೊತ್ತಾಯಿತು. ಬಾಗುವ ಕಡ್ಡಿ ಗಾಳಿಗೋ ಮಂಗನ ಕಾಟಕ್ಕೋ ಮುರಿದು ಬಿದ್ದದ್ದು, ಮರ ಇನ್ನೂ ಬಿಟ್ಟುಕೊಟ್ಟದ್ದಲ್ಲ. ಅದು ಅವರ ಪ್ರಕಾರ ಪುಳ್ಳೆಯಲ್ಲ. ಒಣಗಿ, ಉದುರಿ, ನೆಲದಲ್ಲಿದ್ದರೆ ಮಾತ್ರ ಪುಳ್ಳೆ. ಕೊಂಬೆಯಲ್ಲೇ ಒಣಗಿ ಕೈಗೆಟುಕುತ್ತಿದ್ದರೂ ಎಳೆಯುತ್ತಿರಲಿಲ್ಲ. ಇಷ್ಟು ಕಟ್ಟುನಿಟ್ಟು ನಮ್ಮ ಸ್ಟಾಕ್ ರಿಜಿಸ್ಟರಿನಲ್ಲೂ ಇರಲಿಲ್ಲ.

ನಮ್ಮ ಗೇಟಿನಿಂದ ಒಂದು ಹುಲ್ಲುಕಡ್ಡಿ ಹೊರಗೆ ಹೋಗಬೇಕಾದರೂ ಪಾಸ್ ಬೇಕು. ದಿನಾ ಸಂಜೆ ಅಕ್ಕ ನನ್ನ ಮೇಜಿನ ಮುಂದೆ ನಿಂತು, “ಪುಳ್ಳೆ, ಒಂದು ಹೊರೆ” ಅನ್ನುತ್ತಿದ್ದರು. ನಾನು ಪಾಸ್ ಬುಕ್ಕಿನಲ್ಲಿ ‘ಸೌದೆ, ಒಂದು ಹೊರೆ’ ಎಂದು ಬರೆಯುತ್ತಿದ್ದೆ. ಅವರು ಹೆಬ್ಬೆಟ್ಟು ಒತ್ತುತ್ತಿದ್ದರು. ಪುಳ್ಳೆ ಅನ್ನುವುದು ನಮ್ಮ ಮನೆಯಲ್ಲೂ ಇದ್ದ ಮಾತೇ. ಆದರೆ ಅದು ಬಚ್ಚಲೊಲೆಯ ಮುಂದಿನ ಮಾತು, ರಿಜಿಸ್ಟರಿಗೆ ಒಗ್ಗುವುದಿಲ್ಲ ಎಂದು ನನಗೆ ನಾನೇ ತೀರ್ಮಾನಿಸಿದ್ದೆ. ನನ್ನ ಕನ್ನಡ ಚೆನ್ನಾಗಿದೆ ಎಂದು ನಾಲ್ಕು ಜನ ಹೇಳಿದ್ದರ ಫಲ. ಹೀಗೆ ಎರಡು ವರ್ಷ ನಡೆಯಿತು.

ಒಂದು ಸೋಮವಾರ ಬಂದು ನೋಡಿದರೆ ಹಿಂದಿನ ಗೋಡೆಯ ಪಕ್ಕದ ತೇಗದ ಮರದ ಎರಡು ದೊಡ್ಡ ಕೊಂಬೆಗಳು ಮಾಯ. ಕೊಡಲಿಯ ಗಾಯ ಹಸಿಯಾಗಿತ್ತು. ಕಡಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆಗಷ್ಟೇ ಸೇರಿದ್ದ ಸೆಕ್ಯೂರಿಟಿ ಸೂಪರ್‌ವೈಸರ್ ಗೇಟ್ ಪಾಸ್ ಬುಕ್ ಎತ್ತಿಕೊಂಡು ಮ್ಯಾನೇಜರ್ ರೂಮಿಗೆ ಹೋದ. ಅಕ್ಕನನ್ನೂ ನನ್ನನ್ನೂ ಕರೆಸಿದರು.

“ನೋಡಿ ಸರ್, ಎರಡು ವರ್ಷದಿಂದ ದಿನಾ ಸೌದೆ ಹೋಗಿದೆ. ಹೆಬ್ಬೆಟ್ಟೂ ಇದೆ,” ಎಂದ ಸೂಪರ್‌ವೈಸರ್.

“ಸೌದೆನಾ?” ಅಕ್ಕನ ದನಿ ಏರಿತು. “ನಾನ್ಯಾವತ್ತು ಸೌದೆ ಹೊತ್ಕೊಂಡ್ ಹೋದೆ? ಪುಳ್ಳೆ ಸ್ವಾಮಿ, ಪುಳ್ಳೆ!”

“ಪುಳ್ಳೆ ಗಿಳ್ಳೆ ಎಲ್ಲ ಇಲ್ಲಿ ಬರೆದಿಲ್ಲ ಕಣಮ್ಮ.”

ಮ್ಯಾನೇಜರು ತೆಲುಗಿನವರು, ಅವರ ಕನ್ನಡ ಅಷ್ಟಕ್ಕಷ್ಟೆ. ಅವರು ತಲೆ ಎತ್ತಿ, “ಪುಳ್ಳೆ ಅಂದ್ರೆ... ಪುಲ್ಲಲಾ?” ಎಂದು ಕಿರುಬೆರಳು ತೋರಿಸಿದರು. “ಇಷ್ಟಿಷ್ಟು ಸಣ್ಣ ಕಡ್ಡಿ? ನಮ್ಮ ಕಡೆ ಪುಲ್ಲ ಅಂತೀವಿ.”

“ಅದೇ ಸ್ವಾಮಿ, ಅದೇ!” ಅಕ್ಕನ ಮುಖ ಅರಳಿತು. ನನಗೆ ಬೇಡವಾಗಿದ್ದ ಮಾತು ಪರಭಾಷೆಯವರಿಗೆ ಥಟ್ಟನೆ ಅರ್ಥವಾಗಿತ್ತು.

ಮ್ಯಾನೇಜರು ನನ್ನತ್ತ ತಿರುಗಿದರು. “ರೀ, ಇವರು ನಿಮಗೆ ಏನಂತ ಹೇಳಿದ್ರು? ಸೌದೆ ಅಂತನಾ, ಪುಳ್ಳೆ ಅಂತನಾ?”

ಹಿಂದಿನ ತಿಂಗಳಷ್ಟೇ ಸ್ಟಾಕ್ ರಿಜಿಸ್ಟರಿನ ತಪ್ಪಿಗೆ ನನಗೆ ಮೆಮೊ ಕೊಟ್ಟಿದ್ದರು. ಇನ್ನೊಂದು ತಪ್ಪು ಕಂಡರೆ ಮನೆಗೆ ಎಂದೂ ಹೇಳಿದ್ದರು. “ಅವರು ಹೇಳಿದ್ದನ್ನೇ ಬರೆದಿದ್ದೀನಿ ಸರ್,” ಎಂದುಬಿಟ್ಟೆ.

“ಏನ್ ರೈಟ್ರೇ ಇದು,” ಎಂದರು ಅಕ್ಕ. ಬೈಯಲಿಲ್ಲ, ಅಳಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದರು ಮ್ಯಾನೇಜರು. ಅಕ್ಕ ಪೊರಕೆಯನ್ನು ಅದರ ಜಾಗದಲ್ಲಿಟ್ಟು ಹೋದರು. ನನಗೆ ನಾಚಿಕೆಯಾಯಿತು. ಆದರೆ ಭಯ ಅದಕ್ಕಿಂತ ದೊಡ್ಡದಿತ್ತು, ಸುಳ್ಳು ಯಾಕೆ ಹೇಳಲಿ.

ಅವರ ಬದಲು ಬಂದವನು ತರಗೆಲೆ, ಕಡ್ಡಿ ಎಲ್ಲ ಒಟ್ಟುಮಾಡಿ ಬೆಂಕಿ ಹಚ್ಚಿಬಿಡುತ್ತಿದ್ದ. ಹೊಗೆ ನೇರ ನನ್ನ ಕಿಟಕಿಗೆ. ಆರನೆಯ ದಿನ ತಡೆಯಲಾಗದೆ ಮ್ಯಾನೇಜರ್ ರೂಮಿಗೆ ಹೋಗಿ, “ಸರ್, ಅವರು ಪುಳ್ಳೆ ಅಂತಲೇ ಹೇಳಿದ್ದು. ಸೌದೆ ಅಂತ ಬರೆದವನು ನಾನು,” ಎಂದೆ. “ಮೊನ್ನೆ ಬಾಯಲ್ಲಿ ಏನು ಇಟ್ಕೊಂಡಿದ್ರಿ?” ಎಂದರು. ಎರಡನೆಯ ಮೆಮೊ ಬಂತು, ಕೆಲಸ ಉಳಿಯಿತು. ಅಕ್ಕನನ್ನು ವಾಪಸ್ ಕರೆತರುವ ಜವಾಬ್ದಾರಿಯನ್ನೂ ನನ್ನ ತಲೆಗೇ ಕಟ್ಟಿದರು.

ಅವರ ಮನೆ ಕಾಗದನಗರದ ಆಚೆ. ಬಾಗಿಲಲ್ಲಿ ನನ್ನನ್ನು ಕಂಡು ಒಳಗೆ ಕರೆದು, ಕೂರಿಸಿ ಕಾಫಿ ಕೊಟ್ಟರು. ಓಣಿಯಲ್ಲಿ ಆಗಲೇ ಸುದ್ದಿ ಹಬ್ಬಿತ್ತಂತೆ. ನಲ್ಲಿ ಹತ್ತಿರ ಯಾರೋ, ಫ್ಯಾಕ್ಟರಿ ಮರ ಕದ್ದವಳು ಅಂದರಂತೆ.

“ತಪ್ಪಾಯ್ತು ಅಕ್ಕ. ಸಾಹೇಬ್ರಿಗೆ ಎಲ್ಲ ಹೇಳಿದ್ದೀನಿ. ನಾಳೆಯಿಂದ ಬನ್ನಿ.”

“ಹೇಳಿದ್ರಿ, ಸರಿ. ಹೇಳಿದ್ದು ಗಾಳಿಗೆ ಹೋಯ್ತು. ಬುಕ್ಕಲ್ಲಿ ನಾನಿನ್ನೂ ಸೌದೆ ಕಳ್ಳಿನೇ ಅಲ್ವಾ? ಅದನ್ನ ಸರಿ ಮಾಡಿ. ಪುಳ್ಳೆ ಅಂತಲೇ ಬರೀರಿ. ಆಮೇಲೆ ಬರ್ತೀನಿ.”

ಎರಡು ವರ್ಷದ ಪಾಸುಗಳು! ಮ್ಯಾನೇಜರು ನಕ್ಕು ಒಪ್ಪಿದರು. ದಿನಾ ಊಟದ ಬಿಡುವಿನಲ್ಲಿ ಅಕ್ಕ ಅದಕ್ಕೆಂದೇ ಬಂದು ನನ್ನ ಎದುರು ಸ್ಟೂಲ್ ಹಾಕಿಕೊಂಡು ಕೂತರು. ಒಂದೊಂದು ‘ಸೌದೆ’ಯನ್ನೂ ಹೊಡೆದುಹಾಕಿ, ಮೇಲೆ ‘ಪುಳ್ಳೆ’ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದೆ. ಮುಗಿಯಲು ಒಂಬತ್ತು ದಿನ ಹಿಡಿಯಿತು. ಎರಡನೆಯ ದಿನ ಅವರು, “ಇದು ಪುಳ್ಳೆನೇ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?” ಎಂದು ಕೇಳಿದರು. ಎರಡೂ ಎರಡೆರಡು ಅಕ್ಷರ. ಯೋಚಿಸಿ, ಪುಳ್ಳೆಯ ಕೆಳಗೆ ಒಂದು ಒತ್ತಕ್ಷರ ಇರುತ್ತದೆ ನೋಡಿ ಎಂದು ತೋರಿಸಿದೆ. “ಓ, ಕೆಳಗೊಂದು ಮರಿ,” ಎಂದರು. ಅಲ್ಲಿಂದ ಮುಂದೆ ಪ್ರತಿಯೊಂದರ ಮರಿಯನ್ನೂ ಸೀಳುಗುರಿನ ಬೆರಳಿಟ್ಟು ನೋಡಿದರು.

ಕೆಲಸಕ್ಕೆ ಮರಳಿದ ಮೇಲೆ ಸಿಟ್ಟೇನೂ ಇಟ್ಟುಕೊಳ್ಳಲಿಲ್ಲ. ಹಬ್ಬಕ್ಕೆ ಹೋಳಿಗೆ ತಂದುಕೊಟ್ಟರು, ನನ್ನ ಹೊಟ್ಟೆ ಬಂದದ್ದನ್ನು ಊರಿಗೆಲ್ಲ ಕೇಳುವಂತೆ ಆಡಿಕೊಂಡರು. ಆದರೆ ದಿನಾ ಸಂಜೆ ಪಾಸ್ ಬರೆದುಕೊಟ್ಟ ಕೂಡಲೇ ಆ ಬೆರಳು ಬುಕ್ಕಿನ ಮೇಲೆ ಬರುತ್ತಿತ್ತು. ಮರಿ ಸಿಕ್ಕ ಮೇಲೆಯೇ ಹೆಬ್ಬೆಟ್ಟು. ಮೊದಮೊದಲು ನನಗೆ ತಮಾಷೆ ಅನ್ನಿಸುತ್ತಿತ್ತು. ಆಮೇಲೆ ಅನ್ನಿಸಲಿಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ನಾಲ್ಕು ದಿನ ಜ್ವರ ಅಂತ ಮಲಗಿದವರು ಏಳಲಿಲ್ಲ. ಮಣ್ಣಿಗೆ ಹೋಗಿ ಬಂದೆ. ತಿಂಗಳಾದ ಮೇಲೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಮಗಳು, ಅಮ್ಮನ ಕೆಲಸದ ಸರ್ಟಿಫಿಕೇಟ್ ಬೇಕೆಂದು ಬಂದಳು. ಅದಕ್ಕೊಂದು ಅರ್ಜಿ ಬೇಕಿತ್ತು. ನಾನೇ ಬರೆದು, ಸಹಿ ಹಾಕುವ ಜಾಗ ತೋರಿಸಿ, ಪೆನ್ನು ಕೊಟ್ಟೆ. ಆಕೆ ಪೆನ್ನನ್ನು ಮೇಜಿನ ಮೇಲಿಟ್ಟು, ಅರ್ಜಿಯನ್ನು ಮೊದಲ ಸಾಲಿನಿಂದ ಓದತೊಡಗಿದಳು. ಎರಡು ಸಾಲು ಓದಿ, ಸಂಕೋಚದಿಂದ ನನ್ನ ಮುಖ ನೋಡಿದಳು.

“ಬೇಜಾರ್ ಮಾಡ್ಕೋಬೇಡಿ ಸರ್. ಅಮ್ಮ ಹೇಳ್ತಾ ಇತ್ತು, ರೈಟ್ರು ಒಳ್ಳೇವ್ರು, ಆದ್ರೆ ಅವ್ರು ಬರೆದಿದ್ದನ್ನ ಓದ್ದೇ ಸೈನ್ ಹಾಕ್ಬೇಡ ಅಂತ.”

“ಓದಮ್ಮ,” ಎಂದೆ. “ಪೂರ್ತಿ ಓದು.”

ಕುರ್ಚಿ ಎಳೆದುಕೊಟ್ಟು, ಆಕೆ ಓದಿ ಮುಗಿಸುವ ತನಕ ನಿಂತೇ ಇದ್ದೆ.