ಗುರುಬಸಮ್ಮ ಮೊಟ್ಟೆ ಹಾಳೆ ನೋಡಲು ಕಲಿತದ್ದು

ನಮ್ಮ ಮನೆಯ ಹಿರಿಯ ಸೊಸೆ ಗುರುಬಸಮ್ಮ ನನಗೆ ಓರಗಿತ್ತಿಯಾಗಬೇಕು. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಧನಗೆರೆಯಿಂದ ಮುಳ್ಳೂರಿಗೆ ಬಂದು ಐದು ವರ್ಷವಾಗಿದ್ದರೂ ಅವಳ ಮಡಿಲು ತುಂಬಿರಲಿಲ್ಲ. ಅದಕ್ಕೆ ಯಾರೂ ಎದುರಿಗೆ ಏನೂ ಅನ್ನುತ್ತಿರಲಿಲ್ಲ. ರೇಷ್ಮೆ ಹುಳ ಸಾಕುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ, ಅದೇ ಅವಳ ಮಾನ ಕಾಪಾಡುತ್ತಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು ಇದು. ಆಗ ನಾವು ಮದರಾಸಿಗೆ ಸೇರಿದವರು, ಪಕ್ಕದ ಯಳಂದೂರಿನವರು ಮೈಸೂರು ಸೀಮೆಯವರು. ಸೀಮೆ ಬೇರೆಯಾದರೂ ಹುಳದ ಮನೆಯ ಕಟ್ಟುಪಾಡು ಎರಡು ಕಡೆಯೂ ಒಂದೇ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಮೊಟ್ಟೆಯೊಡೆದ ಮರಿಗೆ ಮೊದಲ ಸೊಪ್ಪು ಹಾಕುವವಳ ಕೈಗುಣ ಒಳ್ಳೆಯದಿರಬೇಕು. ಹುಳಕ್ಕೆ ರೋಗ ಬಂತು ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಸತ್ತರೆ ಸದ್ದಿಲ್ಲದೆ ತಿಪ್ಪೆಯಲ್ಲಿ ಹೂತು, ಮನೆ ಸಾರಿಸಿ ಸುಮ್ಮನಾಗಬೇಕು.

ಹುಳದ ಮೊಟ್ಟೆಯನ್ನು ಹಾಳೆಯ ಲೆಕ್ಕದಲ್ಲಿ ಕೊಳ್ಳುತ್ತಿದ್ದೆವು. ಗಸಗಸೆ ಅಂಟಿಸಿದಂತೆ ಹಾಳೆಯ ತುಂಬ ಮೊಟ್ಟೆ, ಮೂಲೆಯಲ್ಲಿ ನೀಲಿ ಮುದ್ರೆ. ಕೊಳ್ಳೇಗಾಲದ ಸರ್ಕಾರಿ ರೇಷ್ಮೆ ಫಾರಮ್ಮಿಗೆ ಹೋದರೆ ಅವರು ಹೇಳಿದ ದಿನಕ್ಕೆ ಕಾಯಬೇಕು. ಪಾಲಾರ್ ಕಡೆಯಿಂದ ಬರುತ್ತಿದ್ದ ಮಾದಣ್ಣ ಎಂಬಾತ ಅದೇ ಮೊಟ್ಟೆ ಎಂದು ಮನೆ ಬಾಗಿಲಿಗೇ ತಂದು ಕೊಡುತ್ತಿದ್ದ. ಮಾತು ಬೆಲ್ಲ. ಹಾಳೆ ಕೊಟ್ಟು ಹೋಗುವಾಗ ದನಿ ತಗ್ಗಿಸಿ, "ತಾಯೀ, ನನ್ತಾವ ತಕಂಡ್ರಿ ಅಂತ ಯಾರ್ಗೂ ಯೋಳ್ಬ್ಯಾಡಿ. ಕೆಟ್ಟ ಕಣ್ಣು ಬಿದ್ದಾತು" ಅನ್ನುತ್ತಿದ್ದ. ನಮಗೂ ಅದು ಸರಿಯಾಗಿಯೇ ಕಾಣುತ್ತಿತ್ತು.

ಆ ವರ್ಷ ಅವನಿಂದ ಕೊಂಡ ಮೊಟ್ಟೆಯ ಮೊದಲ ಬೆಳೆ ಮೂರನೇ ಜ್ವರ ಏಳಲಿಲ್ಲ. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕರಿ ಚುಕ್ಕೆ ಎದ್ದು, ಸೊಪ್ಪು ಮುಟ್ಟದೆ ತಟ್ಟೆ ತಟ್ಟೆಯೇ ಸತ್ತಿತು. ಮುಂದಿನ ಸಲ ಬಂದ ಮಾದಣ್ಣ ಜಗುಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದು ನಮ್ಮ ಅತ್ತೆ ದೊಡ್ಡಬಸಮ್ಮನವರನ್ನು ಕೇಳಿದ:

"ಮೊದ್ಲ ಸೊಪ್ಪು ಯಾರಾಕಿದ್ದವ್ವಾ?"

"ಇನ್ಯಾರು, ನಮ್ ಇರೀ ಸೊಸೆ."

"ಮಕ್ಳವ್ರಾ?"

ಅತ್ತೆ ಮಜ್ಜಿಗೆಯ ಚೊಂಬು ಎತ್ತಿಕೊಂಡರು. ಅವನು ಮತ್ತೆ ಕೇಳಲೂ ಇಲ್ಲ. ಹೊಸ ಹಾಳೆ ಕೊಟ್ಟು ಹೋದ.

ಎರಡನೆಯ ಬೆಳೆಯೂ ಹಾಗೆಯೇ ಸತ್ತಾಗ ಅತ್ತೆ ಅಕ್ಕನನ್ನು ಹುಳದ ಮನೆಯಿಂದ ಹೊರಗಿಟ್ಟರು. ಆ ಕೆಲಸ ನನಗೆ ಬಂತು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಹೆಮ್ಮೆಯಾಯಿತು. ವಾರ ಕಳೆಯುವುದರೊಳಗೆ ಅತ್ತೆ ಊಟಕ್ಕೆ ಕುಳಿತಾಗ, ಅಕ್ಕನ ಗಂಡ ಪುಟ್ಟಮಲ್ಲಪ್ಪ ಭಾವನವರ ಮುಂದೆಯೇ ಹೇಳಿಬಿಟ್ಟರು: "ಧನಗೆರೆಗೆ ಯೋಳ್ಕಳುಸ್ತೀನಿ. ಅವ್ರಣ್ಣ ಬಂದು ಕರ್ಕೊಂಡೋಗ್ಲಿ. ಇನ್ನೊಂದ್ ಎಣ್ಣ ನೋಡ್ಮ." ಭಾವನವರು ಮುದ್ದೆ ಮುರಿಯುತ್ತಲೇ ಇದ್ದರು.

ಅಕ್ಕ ಅಳಲಿಲ್ಲ. ಸಾರಿನ ಸೌಟು ಕೆಳಗಿಟ್ಟು, "ಅತ್ತೆ, ಮುಂದ್ಲ ಮೊಟ್ಟೆ ಬರೋಗಂಟ ತಡೀರಿ. ಆಮೇಲೆ ನೀವ್ ಕಳುಸ್ಬ್ಯಾಡಿ, ನಾನೇ ಓಯ್ತೀನಿ" ಅಂದಳು.

"ಅಲ್ಲೀಗಂಟ ಏನ್ ಮಾಡೀಯಮ್ಮಿ?"

"ಉಳ ಯಾಕ್ ಸತ್ತೋ ಅಂತ ತಿಳ್ಕತೀನಿ."

ಮಾರನೆಯ ದಿನ ನಾವಿಬ್ಬರೂ ಸೊಪ್ಪಿನ ತೋಟಕ್ಕೆ ಹೋದೆವು. ನಮ್ಮ ಹಿಪ್ಪುನೇರಳೆ ಕೀಳುವವರಿಲ್ಲದೆ ಆಳೆತ್ತರ ನಿಂತಿತ್ತು. ಅಕ್ಕ ಬದುವಿನ ಮೇಲೆ ಹತ್ತಿ ನಿಂತು ಸುತ್ತಲೂ ನೋಡಿದಳು.

"ಲೇ, ಅಲ್ನೋಡು. ಆ ತೋಟಾನೂ ಕಿತ್ತಿಲ್ಲ, ಅದರಾಚೆದೂ ಕಿತ್ತಿಲ್ಲ. ಈ ವತ್ಗೆ ಉಳ ಗೂಡ್ ಕಟ್ಬೇಕಿತ್ತು. ಕಡ್ಡಿ ಬುಟ್ಟು ಎಲೆ ಇರ್ಬಾರ್ದು."

ಅವರ ಹುಳವೂ ಸತ್ತಿವೆ ಎಂದು ನನಗೆ ಆಗ ಹೊಳೆಯಿತು. ಯಾರೂ ಬಾಯಿ ಬಿಡದೆ ಇದ್ದದ್ದನ್ನು ತೋಟವೇ ಹೇಳುತ್ತಿತ್ತು. ನಮ್ಮದು ಬಿಟ್ಟು ಇನ್ನೂ ಏಳು ತೋಟ ಹಾಗೆಯೇ ನಿಂತಿದ್ದವು. ನಡುವೆ ನಮ್ಮೂರಿನವಳೇ ಆದ ಶಿವರತ್ನಮ್ಮನ ತೋಟ ಮಾತ್ರ ಬೋಳು. ಅವರ ಹುಳ ಚೆನ್ನಾಗಿ ಉಂಡಿತ್ತು.

ಅಕ್ಕ ಆ ಏಳು ಮನೆಗೂ ಹೋದಳು. ಹುಳ ಸತ್ತವೇ ಎಂದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಹಿತ್ತಲಿನ ಕಡೆಯಿಂದ ಹೋಗಿ, ಮೊದಲು ತನ್ನದನ್ನೇ ಹೇಳಿಕೊಳ್ಳುತ್ತಿದ್ದಳು: "ನಮ್ಮೊವು ಎರಡ್ ಬೆಳೆಯೂ ಸತ್ತೋದೋ ಕಣವ್ವ. ನನ್ ಕೈಗುಣ ಅಂತ ಆಚ್ಗೆ ಆಕವ್ರೆ." ಅಂಥ ಮಾತನ್ನು ಯಾರೂ ಬಾಯಿಬಿಟ್ಟು ಆಡಿದ್ದು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ಚಿಕ್ಕನಿಂಗಮ್ಮ ಎಂಬಾಕೆ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು: "ನಮ್ಮೊವೂ ಓದೋ ಕಣಕ್ಕ. ನನ್ ಮಗ್ಳು ಮೈಲಿಗೇಲಿ ತಟ್ಟೆ ಮುಟ್ಟವ್ಳೆ ಅಂತ ಆ ಕೂಸ್ಗೆ ವಡ್ದೆ ಕಣಕ್ಕ."

"ಮೈಲಿಗೆ ಅಂತ ಯಾರಂದ್ರು?"

"ಮಾದಣ್ಣ."

ಏಳು ಮನೆಗೂ ಮೊಟ್ಟೆ ಕೊಟ್ಟವನು ಅವನೇ. ಯಾರಿಗೂ ಹೇಳಬೇಡಿ ಎಂದು ಎಲ್ಲ ಕಡೆಯೂ ಹೇಳಿದ್ದ. ಶಿವರತ್ನಮ್ಮನ ಗಂಡ ಮಾತ್ರ ಕೊಳ್ಳೇಗಾಲಕ್ಕೆ ಕೂಲಿಗೆ ಹೋಗುತ್ತಿದ್ದವನು, ಫಾರಮ್ಮಿನಿಂದಲೇ ತಂದಿದ್ದ. ಮರಿಯೆದ್ದ ಮೇಲೆ ಉಳಿದ ಅವರ ಖಾಲಿ ಹಾಳೆಯನ್ನು ಅಕ್ಕ ಇಸಿದುಕೊಂಡು ಬಂದಳು. ನಮ್ಮ ಖಾಲಿ ಹಾಳೆ ಸೂರಿನಲ್ಲಿ ಸಿಕ್ಕಿಸಿಟ್ಟದ್ದು ಇತ್ತು. ಎರಡನ್ನೂ ಬಿಸಿಲಿಗೆ ಹಿಡಿದಳು, ತಿರುಗಿಸಿದಳು. ಎರಡರಲ್ಲೂ ಮುದ್ರೆ ಒಂದೇ ಥರ ಕಂಡಿತು. ಕೊನೆಗೆ ಮುದ್ರೆಯ ಮೇಲಿದ್ದ ಮೊಟ್ಟೆಯ ಒಣ ಸಿಪ್ಪೆಯನ್ನು ಹೆಬ್ಬೆರಳ ಉಗುರಿನಿಂದ ಕೆರೆದಳು. ಶಿವರತ್ನಮ್ಮನ ಹಾಳೆಯಲ್ಲಿ ಸಿಪ್ಪೆ ಉದುರಿದ ಮೇಲೂ ಅಡಿಯಲ್ಲಿ ನೀಲಿ ಹಾಗೇ ಇತ್ತು. ನಮ್ಮದರಲ್ಲಿ ಸಿಪ್ಪೆಯ ಜೊತೆಗೆ ಬಣ್ಣವೂ ಹೋಗಿ ಬಿಳಿ ಚುಕ್ಕೆ ಉಳಿಯಿತು.

ಹಾಗೆಂದರೇನು ಎಂದು ನಮಗೆ ತಿಳಿಯಲಿಲ್ಲ. ಅಕ್ಕ ಎರಡು ಹಾಳೆಯನ್ನೂ ಮಡಿಲಿಗೆ ಕಟ್ಟಿಕೊಂಡು ಕೊಳ್ಳೇಗಾಲಕ್ಕೆ ನಡೆದಳು. ನಾನೂ ಹಿಂದೆ ಹೋದೆ. ಫಾರಮ್ಮಿನಲ್ಲಿ ತಟ್ಟೆ ತೊಳೆಯುತ್ತಿದ್ದ ಪುಟ್ಟಸಿದ್ದಯ್ಯ ಎಂಬ ಮುದುಕ ಹಾಳೆ ನೋಡಿ ನಕ್ಕ.

"ನಮ್ಮಲ್ಲಿ ಮೊದ್ಲು ಬರೀ ಕಾಗುದ್ಕೆ ಮುದ್ರೆ ಒತ್ತುದು, ಆಮೇಲೆ ಚಿಟ್ಟೆ ಬುಡುದು ಕಣವ್ವ. ಚಿಟ್ಟೆ ಮುದ್ರೆ ಮೇಲೇ ಮೊಟ್ಟೆ ಇಕ್ತದೆ. ತಾಯಿ ಚಿಟ್ಟೆನ ಅರೆದು ಭೂತಗನ್ನಡೀಲಿ ನೋಡ್ತರೆ, ರೋಗ ಇದ್ರೆ ಆ ಮೊಟ್ಟೆ ಸುಡ್ತರೆ. ಇದ್ಯಾವನೋ ಯಂಗೋ ಮೊಟ್ಟೆ ಇಕ್ಸಿ, ಆಮೇಲೆ ಮೇಲಿಂದ ಒತ್ತವ್ನೆ. ಕಳ್ ಮುದ್ರೆ."

ಹಿಂತಿರುಗುವ ದಾರಿಯುದ್ದಕ್ಕೂ ಅಕ್ಕ ಬಿರಬಿರನೆ ನಡೆದಳು. ಅವಳ ಹಿಂದೆ ಓಡಿಯೇ ನಾನು ಊರು ಸೇರಿದೆ.

ಮಾದಣ್ಣ ಹನ್ನೆರಡು ದಿನಕ್ಕೆ ಬಂದ. ನಮ್ಮ ಜಗುಲಿಯಲ್ಲಿ ಹಾಳೆ ಬಿಚ್ಚುವಷ್ಟರಲ್ಲಿ, ಅಕ್ಕ ಮೊದಲೇ ಹೇಳಿಟ್ಟಿದ್ದಂತೆ ಏಳು ಮನೆಯ ಹೆಂಗಸರೂ ಬಂದು ಅಂಗಳದಲ್ಲಿ ನಿಂತರು. ಅಕ್ಕ ಹೊಸ ಹಾಳೆಯೊಂದನ್ನು ಕೈಗೆತ್ತಿಕೊಂಡಳು.

"ಏನವ್ವಾ, ಮುದ್ರೆ ಓದಕ್ ಬತ್ತದಾ?" ಎಂದು ಅವನು ಹಲ್ಲು ಬಿಟ್ಟ.

"ಓದಕ್ ಬರಾಕಿಲ್ಲ ಕಣಣ್ಣ. ಉಗುರ್ ಅದೆ."

ಮುದ್ರೆಯ ಮೇಲಿಂದ ನಾಲ್ಕು ಮೊಟ್ಟೆ ಕೆರೆದಳು. ನಾಲ್ಕು ಬಿಳಿ ಚುಕ್ಕೆ. ಅತ್ತೆಯ ಮುಂದೆ ಹಿಡಿದಳು. ಪಕ್ಕದಲ್ಲಿ ಶಿವರತ್ನಮ್ಮನ ಹಾಳೆ ಹಿಡಿದು ಅದನ್ನೂ ಕೆರೆದಳು, ಪುಟ್ಟಸಿದ್ದಯ್ಯ ಹೇಳಿದ್ದನ್ನು ಹೇಳಿದಳು. ಮಾದಣ್ಣನ ಮುಖ ಕೆಂಪಾಯಿತು.

"ನಿನ್ ಕೈಗುಣ ಕೆಟ್ಟದ್ದು, ನನ್ ಮ್ಯಾಲೆ ಆಕೀಯಾ? ಬಂಜೆ ಕೈಲಿ ಸೊಪ್ಪಾಕುಸ್ಕಂಡು..."

"ಮೈಲಿಗೆ ಅಂದ್ಯಲ್ಲ, ನಮ್ಮಟ್ಟೀಲಿ!" ಎಂದು ಚಿಕ್ಕನಿಂಗಮ್ಮ ಕೂಗಿದಳು.

"ನಮ್ಮಟ್ಟೀಲಿ ಅಳೀಮಯ್ಯನ ಕಾಲ್ಗುಣ ಅಂದೆ," ಎಂದಳು ಇನ್ನೊಬ್ಬಳು.

"ನಮ್ಮತ್ತೆ ಕಣ್ಣು ಕೆಟ್ಟದ್ದು ಅಂದೆ. ನಾನಂತೂ ನಂಬ್ದೆ ಕಣಪ್ಪ," ಎಂದು ಮೂರನೆಯವಳು ಅಂದಾಗ ಅಷ್ಟು ಬಿಸಿಯ ನಡುವೆಯೂ ನಗು ಎದ್ದಿತು.

ಅತ್ತೆ ನಗಲಿಲ್ಲ. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಆಮೇಲೆ ಮಾದಣ್ಣನ ಕಡೆ ತಿರುಗಿ, "ಮಕ್ಳವ್ರಾ ಅಂತ ನೀನ್ ಕೇಳಿದ್ದು ಇದಕ್ಕೇ ಏನ್ಲಾ? ಏಳ್ಲಾ ಮ್ಯಾಕೆ" ಅಂದರು. ಹಾಳೆಗಳನ್ನು ಅವನಿಗೆ ವಾಪಸು ಕೊಡಲು ಅಕ್ಕ ಬಿಡಲಿಲ್ಲ. "ಇಸ್ಕೊಂಡೋದ್ರೆ ನಾಳೆ ಹನೂರಲ್ಲಿ ಮಾರ್ತನೆ" ಎಂದು ಅಂಗಳದಲ್ಲಿಯೇ ಸುಟ್ಟಳು; ಒಂದನ್ನು ಮಾತ್ರ ಫಾರಮ್ಮಿಗೆ ತೋರಿಸಲೆಂದು ಇಟ್ಟುಕೊಂಡಳು. ಅವನು ಖಾಲಿ ಚೀಲ ಹೆಗಲಿಗೇರಿಸಿಕೊಂಡು ಹೋದವನು ಮತ್ತೆ ನಮ್ಮ ಕಡೆ ಬರಲಿಲ್ಲ.

ಸಂಜೆ ಅತ್ತೆ, "ನಾಳಿಂದ ಉಳದ್ಮನೆ ನೀನೇ ನೋಡ್ಕಳಮ್ಮಿ" ಅಂದರು.

"ನೋಡ್ಕತೀನಿ. ಕೈಗುಣದ್ ಮಾತು ಈ ಮನೇಲಿ ಇನ್ ಬ್ಯಾಡ. ನಂಗೂ ಬ್ಯಾಡ, ಇವಳ್ಗೂ ಬ್ಯಾಡ," ಎಂದು ಅಕ್ಕ ನನ್ನ ಕಡೆ ಕೈ ತೋರಿಸಿದಳು. ಭಾವನವರನ್ನೂ ಬಿಡಲಿಲ್ಲ: "ನೀವು ಇನ್ಮ್ಯಾಕೆ ಮುದ್ದೆ ಮುರೀವಾಗ್ಲೂ ವಸಿ ಬಾಯ್ ತಗೀರಿ." ಅವರು ತಲೆ ಬಗ್ಗಿಸಿದರು.

ಆ ಬೆಳೆಗೆ ಫಾರಮ್ಮಿನ ಮೊಟ್ಟೆ ತಂದೆವು, ಗೂಡು ಗಟ್ಟಿಯಾಗಿ ಬಂತು. ಅಲ್ಲಿಂದ ಮುಂದೆ ಹೊಸ ಹಾಳೆ ಕೊಂಡವರು ಅದನ್ನು ಅಕ್ಕನಿಗೆ ತೋರಿಸದೆ ಹುಳದ ಮನೆಗೆ ಒಯ್ಯುತ್ತಿರಲಿಲ್ಲ. ಅವಳು ಮೊದಲು ಕೇಳುತ್ತಿದ್ದುದು ಮುದ್ರೆಯನ್ನಲ್ಲ: "ಕೊಟ್ಟೋನು ಯಾರ್ಗೂ ಯೋಳ್ಬ್ಯಾಡಿ ಅಂದ್ನಾ?" ಅಂದ ಎಂದರೆ ಹಾಳೆ ಬಿಚ್ಚುವ ಮೊದಲೇ, "ಅಂಗಾರೆ ಊರ್ಗೆಲ್ಲ ಯೋಳಿ" ಅನ್ನುತ್ತಿದ್ದಳು.

ಎರಡು ವರ್ಷದ ಮೇಲೆ ಯಳಂದೂರಿನಿಂದ ಒಬ್ಬ ರೈತ ಗಾಡಿ ಕಟ್ಟಿಕೊಂಡು ಬಂದ. ಅವರೂರಿನಲ್ಲೂ ಬಾಗಿಲಿಗೆ ಮೊಟ್ಟೆ ತರುವವನೊಬ್ಬ ಹುಟ್ಟಿಕೊಂಡಿದ್ದನಂತೆ. ಹೆಂಗಸರಿಗೆ ಹಾಳೆ ನೋಡುವುದನ್ನು ತೋರಿಸಿಕೊಡಬೇಕಂತೆ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಕರ್ಕೊಂಡೋಗಪ್ಪ. ಸಂಜ್ಗೆ ಈ ಬಾಕ್ಲಗೇ ತಂದ್ಬುಡ್ಬೇಕು. ಅವ್ಳಿಲ್ದೆ ನಮ್ಮನೇಲಿ ದೀಪ ಅಚ್ಚಾಕಿಲ್ಲ."

ಅಕ್ಕ ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿದಳು.